ಮಡಿಕೇರಿಯ ಪಿನ್‌ಕೋಡ್ ಒಡೆದು ನೋಡಿದ್ದೀರಾ?

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ಕೊಡಗಿನಲ್ಲಿ ಕರೆಂಟು ಹೋಗುವುದು ಮಾಮೂಲು. ಬೇಸರದಿಂದ ಕೂತ ಮಕ್ಕಳಿಗೆ ಒಂದು ಪೆನ್ಸಿಲ್, ಒಂದು ಹಳೇ ಲಕೋಟೆ ಕೊಡಿ. ಅದರ ಮೇಲಿನ ಪಿನ್‌ಕೋಡ್ ಸಾಕು. 1972ರ ಆಗಸ್ಟ್ 15ರಂದು ಶುರುವಾದ ಈ ಆರಂಕಿ ಗುರುತು ಅಂಚೆ ವಿಂಗಡಿಸಲು ಬಂದದ್ದು. ನಾವು ಅದನ್ನು ಬರೀ ಸಂಖ್ಯೆಯಾಗಿ ನೋಡೋಣ.

ಮೊದಲು ಹನ್ನೆರಡು ಕಾಫಿ ಬೀಜ ತೆಗೆದುಕೊಳ್ಳಿ. ಚಪ್ಪಟೆ ಮಗ್ಗುಲು ಕೆಳಗಿಟ್ಟರೆ ಉರುಳುವುದಿಲ್ಲ. ಆರಾರು ಬೀಜದ ಎರಡು ಸಾಲು ಮಾಡಬಹುದು, ನಾಲ್ಕು ನಾಲ್ಕರ ಮೂರು ಸಾಲೂ ಆಗುತ್ತದೆ. ಇನ್ನೊಂದು ಬೀಜ ಸೇರಿಸಿ. ಹದಿಮೂರನ್ನು ಒಂದೇ ಉದ್ದ ಸಾಲು ಬಿಟ್ಟು ಬೇರೆ ಹೇಗೆ ಜೋಡಿಸಿದರೂ ಒಂದು ಬೀಜ ಹೊರಗೆ ಉಳಿಯುತ್ತದೆ, ಇಲ್ಲವೇ ಸಾಲು ಗಿಡ್ಡವಾಗುತ್ತದೆ. ಇಂಥದ್ದೇ ಅವಿಭಾಜ್ಯ ಸಂಖ್ಯೆ.

ಈಗ ಮಡಿಕೇರಿಯ 571201. ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಬಿಡಿ. ಅಂಕಿಗಳ ಮೊತ್ತ 16, ಅದು 3ರ ಮಗ್ಗಿಯಲ್ಲಿಲ್ಲ. 7ರಿಂದ ಭಾಗಿಸಿದರೆ 81600 ಸಲ ಹೋಗಿ 1 ಉಳಿಯುತ್ತದೆ. ಇಲ್ಲೊಂದು ಚೆಂದ ಇದೆ. 2ರಿಂದ 8ರವರೆಗೆ ಯಾವುದರಿಂದ ಭಾಗಿಸಿದರೂ ಉಳಿಯುವುದು 1! 571200 ಅಷ್ಟಕ್ಕೂ ಪೂರ್ತಿ ಭಾಗ ಹೋಗುತ್ತದೆ, ಅದಕ್ಕೇ.

ಎಲ್ಲಿ ನಿಲ್ಲಿಸಬೇಕು? 756ನ್ನು 756ರಿಂದಲೇ ಗುಣಿಸಿದರೆ 571536, ನಮ್ಮ ಸಂಖ್ಯೆಗಿಂತ ಜಾಸ್ತಿ. ಅಂದರೆ ಒಡೆಯುವುದಾದರೆ ಒಂದು ಭಾಗವಾದರೂ 756ಕ್ಕಿಂತ ಚಿಕ್ಕದಿರಲೇಬೇಕು. 751ರವರೆಗಿನ 133 ಅವಿಭಾಜ್ಯಗಳನ್ನು ನೋಡಿದರೆ ಮುಗಿಯಿತು. 2 ಹೋಗದಿದ್ದ ಮೇಲೆ 4 ಹೋಗುವುದಿಲ್ಲ ಅಲ್ವಾ? ಕ್ಯಾಲ್ಕುಲೇಟರ್ ಬಳಸಿ, ತಪ್ಪಿಲ್ಲ. ಆದರೆ ಪ್ರತಿ ಶೇಷವನ್ನೂ ಬರೆದಿಡಿ, ಎಲ್ಲಿದ್ದೆವೆಂದು ಮರೆಯುವುದು ಸುಲಭ. ಕೊನೆಯ 751ಕ್ಕೆ 441 ಉಳಿಯುತ್ತದೆ. ಒಂದೂ ಹೋಗುವುದಿಲ್ಲ. ಮಡಿಕೇರಿಯದು ಅವಿಭಾಜ್ಯ!

ಪೊನ್ನಂಪೇಟೆಯ 571216 ಹಾಗಲ್ಲ. ಅರ್ಧ ಮಾಡುತ್ತಾ ಹೋಗಿ: 285608, 142804, 71402, 35701. ಇದು 19ರಿಂದ ಭಾಗ ಹೋಗಿ 1879 ಸಿಗುತ್ತದೆ. ಅದು ಅವಿಭಾಜ್ಯ, ಅಲ್ಲಿಗೆ ನಿಲ್ಲಿ. 2 ನಾಲ್ಕು ಸಲ, 19 ಒಮ್ಮೆ, 1879 ಒಮ್ಮೆ. ಎಷ್ಟು ಸಲ ಬಂತೋ ಆ ಎಣಿಕೆಗೆ ತಲಾ ಒಂದು ಸೇರಿಸಿ ಗುಣಿಸಿ: 5×2×2. ಒಟ್ಟು 20 ಭಾಜಕಗಳು, ಅಂದರೆ ಏನೂ ಉಳಿಯದಂತೆ ಭಾಗಿಸುವ ಸಂಖ್ಯೆಗಳು. ಅವುಗಳ ಮೊತ್ತಕ್ಕೂ ದಾರಿ ಇದೆ. 1+2+4+8+16 ಅಂದರೆ 31, 1+19 ಅಂದರೆ 20, 1+1879 ಅಂದರೆ 1880. ಗುಣಿಸಿದರೆ 1165600. ಇದರಲ್ಲಿ ಆ ಸಂಖ್ಯೆಯೂ ಸೇರಿದೆ, ಹಾಗಾಗಿ 571216 ಕಳೆದರೆ 594384.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಮೂಲ ಸಂಖ್ಯೆಯನ್ನೇ ಮೀರಿತು. ಇಂಥದ್ದನ್ನು ಸಮೃದ್ಧ ಸಂಖ್ಯೆ ಅನ್ನಬಹುದು. ಸರಿಸಮ ಬಂದರೆ ಪರಿಪೂರ್ಣ, 6 = 1+2+3 ಹಾಗೆ. ಕಡಿಮೆ ಬಂದರೆ ಕೊರತೆಯ ಸಂಖ್ಯೆ. ಸುಮಾರು 1900 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ನಿಕೋಮಾಕಸ್ ಬರೆದಿಟ್ಟ ವಿಂಗಡಣೆ ಇದು. ಮಡಿಕೇರಿಯದಕ್ಕೆ ತನ್ನನ್ನು ಬಿಟ್ಟರೆ 1 ಮಾತ್ರ ಭಾಜಕ, ಹಾಗಾಗಿ ಅದು ಕೊರತೆಯದು.

ವಿರಾಜಪೇಟೆಯ 571218ಕ್ಕೆ ಇಷ್ಟೆಲ್ಲಾ ಲೆಕ್ಕ ಬೇಡ. ಸಮಸಂಖ್ಯೆ, ಅಂಕಿಗಳ ಮೊತ್ತ 24, ಹಾಗಾಗಿ 6 ಭಾಗ ಹೋಗುತ್ತದೆ. ಅರ್ಧ 285609, ಮೂರನೇ ಒಂದು 190406, ಆರನೇ ಒಂದು 95203. ಮೂರನ್ನೂ ಕೂಡಿ. ಸರಿಯಾಗಿ 571218 ಬಂತು, ಇನ್ನೂ 1 ಅನ್ನುವ ಭಾಜಕ ಸೇರಿಸುವುದು ಬಾಕಿ ಇದೆ. ಅಂದರೆ ಇದೂ ಸಮೃದ್ಧವೇ.