ಕಡುಗೆಂಪು ಉಳಿಯಬೇಕಾದರೆ ಬೆಳಕನ್ನು ತುಸು ತಗ್ಗಿಸಿ
ಬಿಸಿಲಿನ ಬೀದಿಯಲ್ಲಿ ಕಡುಗೆಂಪು ಗೋಡೆ ಅಥವಾ ಉಡುಪು ಚಿತ್ರದ ಕೇಂದ್ರವಾಗಿದ್ದರೆ ಕ್ಯಾಮೆರಾದ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಸುವ, ಇಳಿಸುವ ಹೊಂದಿಕೆ) ಅನ್ನು −0.7ರಿಂದ −1ರವರೆಗೆ ಇಳಿಸಿಟ್ಟುಕೊಳ್ಳಿ. ಅಂಥ ಬಣ್ಣದಲ್ಲಿ ಕ್ಯಾಮೆರಾ ದಾಖಲಿಸುವ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಕೆಂಪು ಉಳಿದೆರಡಕ್ಕಿಂತ ಮೊದಲೇ ಮಿತಿಯನ್ನು ಮುಟ್ಟುವುದರಿಂದ, ಒಟ್ಟಾರೆ ಚಿತ್ರ ಸರಿಯಾಗಿಯೇ ಕಂಡರೂ ಗೋಡೆಯ ಒರಟುತನ, ಬಟ್ಟೆಯ ಮಡಿಕೆಗಳು ಅಳಿಸಿಹೋಗಿ ಬಣ್ಣ ಚಪ್ಪಟೆಯಾಗುತ್ತದೆ. ಬೆಳಕು ತಗ್ಗಿದಾಗ ಆ ವಿವರಗಳು ಉಳಿಯುವುದಲ್ಲದೆ, ನೆರಳುಗಳು ಕಪ್ಪಾಗಿ ಬೀದಿಯ ಬೇಡದ ಗಲಿಬಿಲಿಯೂ ಮರೆಯಾಗುತ್ತದೆ. ಕಳೆದುಹೋದ ವಿವರವನ್ನು ಆಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿ ಮರಳಿ ಪಡೆಯಲಾಗದು. ಮೋಡ ಕವಿದಾಗ ಮಾತ್ರ ಈ ಉಪಾಯ ಫಲಿಸದೆ ಚಿತ್ರ ಬರೀ ಮಂಕಾಗುತ್ತದೆ. ಹೊಳೆಯುವ ಹಳದಿ ಗೋಡೆಯೇ ಚೌಕಟ್ಟನ್ನು ತುಂಬಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತಾನಾಗಿಯೇ ಬೆಳಕನ್ನು ಇಳಿಸಿರುತ್ತದೆಯಾದ್ದರಿಂದ ಅಲ್ಲಿ ಮತ್ತೆ ಇಳಿಸಬೇಡಿ.