ಕೌಂಟ್ 400, ಜ್ವರ 101, ಆದರೂ ವಾರ್ಡ್ ಬೇಡ ಅಂದೆ

ಕೀಮೋ ಆದಮೇಲೆ ಬಿಳಿ ರಕ್ತಕಣದ (ನ್ಯೂಟ್ರೋಫಿಲ್) ಕೌಂಟ್ ಬಿದ್ದು ಜ್ವರ ಬಂದ ಕ್ಯಾನ್ಸರ್ ರೋಗಿಗಳಲ್ಲಿ ಅಪಾಯ ಕಡಿಮೆ ಇರುವವರನ್ನು ಅಡ್ಮಿಟ್ ಮಾಡದೆ, ಮಾತ್ರೆ ಕೊಟ್ಟು ಹೊರಗೇ ನೋಡಿಕೊಳ್ಳುತ್ತೇನೆ. "ಇಂಥವರನ್ನ ಹೊರಗೆ ಕಳಿಸ್ತೀರೇನ್ರೀ? ಕೇಸ್ ಹಾಕಿಸ್ಕೋತೀರಿ" ಅಂತ ಹಿರಿಯ ವೈದ್ಯರೊಬ್ಬರು ನಕ್ಕಿದ್ದರು. ಮೂರು ವರ್ಷ ಆಯಿತು. ಇಲ್ಲಿವರೆಗೆ ಅಂದಾಜು ಅರವತ್ತು ಜನ ಮಾತ್ರೆಯಲ್ಲೇ ದಾಟಿದ್ದಾರೆ. ಏಳೆಂಟು ಜನರನ್ನು ವಾಪಸ್ ಕರೆಸಿ ಅಡ್ಮಿಟ್ ಮಾಡಿದೆ. ಸಾವು ಒಂದೂ ಇಲ್ಲ.

ಅಪಾಯ ಎಷ್ಟು ಅಂತ ಅಳೆಯುವ ಮ್ಯಾಸ್ಕ್ (MASCC) ಸ್ಕೋರ್ 21 ಅಥವಾ ಜಾಸ್ತಿ (ಜಾಸ್ತಿ ಇದ್ದಷ್ಟೂ ಅಪಾಯ ಕಡಿಮೆ), ಸಿಪ್ರೊ ಜೊತೆ ಅಮಾಕ್ಸಿಕ್ಲಾವ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ, ಮೊದಲ ಡೋಸ್ ನಮ್ಮೆದುರೇ, ಆಮೇಲೆ ನಾಲ್ಕು ಗಂಟೆ ಕೂರಿಸೋದು. ಇದೆಲ್ಲ ಡಾಕ್ಟರುಗಳಿಗೆ ಗೊತ್ತಿರೋದೇ. ನಾನು ಸೋತದ್ದು ಬೇರೆ ಕಡೆ.

ಮೊದಲನೆಯವರು ಸ್ತನ ಕ್ಯಾನ್ಸರಿನ ಒಬ್ಬ ಅಕ್ಕ. ಸ್ಕೋರ್ 24. ಊರು ಚಿಂಚೋಳಿ ಆಚೆ ಒಂದು ತಾಂಡಾ. ಖುಷಿಯಿಂದ ಕಳಿಸಿದೆ. ರಾತ್ರಿ ಚಳಿ ಬಂತು, ಬಸ್ ಇಲ್ಲ. ಯಾರೋ ಒಂದು ಡೆಕ್ಸಾ ಚುಚ್ಚಿದರು, ಜ್ವರವನ್ನು ಮುಚ್ಚಿಡೋ ಸ್ಟೀರಾಯ್ಡ್ ಅದು. ಜ್ವರ ಇಳಿಯಿತು, ಮನೆಯವರು ನೆಮ್ಮದಿಯಾಗಿ ಮಲಗಿದರು. ಬೆಳಿಗ್ಗೆ ಇಲ್ಲಿಗೆ ತಂದಾಗ ಬಿಪಿ 80. ನಾಲ್ಕು ದಿನ ಐಸಿಯು, ಅರವತ್ತು ಸಾವಿರದ ಮೇಲೆ ಖರ್ಚು. ಅವರು ಉಳಿದರು, ಆದರೆ ಹೊಲ ಲಾವಣಿಗೆ (ಗುತ್ತಿಗೆಗೆ) ಹೋಯಿತು. ಆರು ತಿಂಗಳು ನಾನು ಈ ಉಸಾಬರಿಗೇ ಹೋಗಲಿಲ್ಲ.

ಇನ್ನೊಬ್ಬರಿಗೆ ಮೂರು ದಿನವಾದರೂ ಜ್ವರ ಬಿಡಲಿಲ್ಲ. ಕೇಳಿದರೆ, ಭೇದಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಆಫ್ಲಾಕ್ಸಾಸಿನ್ ತಗೊಂಡು ಹತ್ತು ದಿನ ನುಂಗಿದ್ದರು! ಮತ್ತೆ ಅದೇ ಗುಂಪಿನ ಸಿಪ್ರೊ ಕೊಟ್ಟರೆ ಏನು ಉಪಯೋಗ? ಈಗ ಹಳೇ ಸ್ಟ್ರಿಪ್ಪುಗಳನ್ನೆಲ್ಲ ಚೀಲ ಸಮೇತ ತರಿಸುತ್ತೇನೆ.

ಎರಡನೇ ಸಲ ಶುರು ಮಾಡಿದಾಗ ಒಂದೇ ಪ್ರಶ್ನೆ ಸೇರಿಸಿದೆ: "ಕಲಬುರಗ್ಯಾಗ ನಿಮ್ಮೋರು ಯಾರದಾರ?" ಯಾರಾದರೂ ಇದ್ದೇ ಇರುತ್ತಾರೆ. ಸೋದರಮಾವ, ಓದೋ ಮಗಳು, ತಂಗಿಯ ಗಂಡ. ಇಲ್ಲದಿದ್ದರೆ ಬಸ್ ಸ್ಟ್ಯಾಂಡ್ ಹತ್ತಿರ ದಿನಕ್ಕೆ ಮುನ್ನೂರು, ನಾನೂರರ ರೂಮು. ಐದು ದಿನದ ರೂಮು, ಊಟ, ಮಾತ್ರೆ, ಎರಡು ಸಲ ಕೌಂಟ್, ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು. ವಾರ್ಡಿನಲ್ಲಿ ಇಂಜೆಕ್ಷನ್ ಹಾಕಿ ಮಲಗಿಸಿದರೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಆಗಲ್ಲ. ಹತ್ತಿರದ ಆಳಂದ, ಜೇವರ್ಗಿಯವರನ್ನು ಮನೆಯಲ್ಲಿ ಗಾಡಿ ಇದ್ದರೆ ಮಾತ್ರ ಊರಿಗೆ ಬಿಡುತ್ತೇನೆ. ಥರ್ಮಾಮೀಟರ್ ಓದೋಕೆ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳಿದ್ದರೆ ನನಗೆ ಅರ್ಧ ಚಿಂತೆ ಇಲ್ಲ.

ಮೇ ತಿಂಗಳ ಕಥೆಯೇ ಬೇರೆ. ಹೊರಗೆ 42 ಡಿಗ್ರಿ. ಒಬ್ಬರು "104 ಬಂದಾದ್ರೀ" ಅಂತ ಗಾಬರಿಯಾಗಿ ಓಡಿ ಬಂದರು. ಇಲ್ಲಿ ನೋಡಿದರೆ 99. ಅನುಮಾನ ಬಂದು ಮಧ್ಯಾಹ್ನ ನಮ್ಮ ಮನೆ ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿ ಥರ್ಮಾಮೀಟರನ್ನು ಸುಮ್ನೆ ಮೇಜಿನ ಮೇಲಿಟ್ಟೆ. ಯಾರಿಗೂ ಹಚ್ಚದೇ 105 ತೋರಿಸಿತು! ಈಗ ಅದನ್ನು ನೀರಿನ ಗಡಿಗೆ ಪಕ್ಕ ಒಣ ಲೋಟದಲ್ಲಿ ಇಡಿಸುತ್ತೇನೆ. ಬಿಸಿಲಿಗೆ ಒಣಗಿ ಬಂದವರಿಗೆ ಡ್ರಿಪ್ ಬೇಕಾದರೆ ಸ್ಕೋರಿನಲ್ಲಿ 3 ಅಂಕ ಹೋಯಿತು. ಅರವತ್ತು ದಾಟಿದವರಿಗೆ ವಯಸ್ಸಿಗೂ ಅಂಕ ಹೋಗುವುದರಿಂದ ಅಲ್ಲಿಗೇ 21ರ ಅಂಚಿಗೆ ಬರುತ್ತಾರೆ. ಇನ್ನು ಮಜ್ಜಿಗೆ! ಸಿಪ್ರೊ ಜೊತೆಗೇ ಒಂದು ತಂಬಿಗೆ ಕುಡಿದರೆ ಔಷಧಿ ಮೈಗೆ ಹತ್ತಲ್ಲ. ಬೇಡ ಅಂದರೆ ಈ ಬಿಸಿಲಲ್ಲಿ ಯಾರು ಕೇಳ್ತಾರೆ? ಮಾತ್ರೆ ನುಂಗಿ ಎರಡು ತಾಸು ಬಿಟ್ಟು ಕುಡೀರಿ ಅಂದೆ, ಕೇಳಿದರು.

ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ. ಅವರ ಮೊದಲ ಪ್ರಶ್ನೆ ಜ್ವರದ್ದಲ್ಲ. ಉತ್ತರ ಕೇಳಿದ ಕೂಡಲೇ ಯಾರನ್ನು ವಾಪಸ್ ಕರೆಸಬೇಕು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಆ ಪ್ರಶ್ನೆ ಇಲ್ಲಿ ಬರೆಯಲ್ಲ. ಅದು ಅವರ ಸ್ವಂತದ್ದು, ಅವರೇ ಬರೆಯಲಿ.

ಅಂದು ನಕ್ಕ ಹಿರಿಯರು ಹೋದ ತಿಂಗಳು ಫೋನ್ ಮಾಡಿ ಬಸ್ ಸ್ಟ್ಯಾಂಡ್ ಹತ್ತಿರದ ಆ ರೂಮಿನವರ ನಂಬರ್ ಕೇಳಿದರು, ಕೊಟ್ಟೆ. ರಕ್ತದ ಕ್ಯಾನ್ಸರಿನವರನ್ನು ಮಾತ್ರ ಇನ್ನೂ ಹೊರಗೆ ಬಿಟ್ಟಿಲ್ಲ. ಅವರು ಸೀದಾ ವಾರ್ಡಿಗೇ.