ನಾಲ್ಕನೇ ರಂಧ್ರದ ಷಡ್ಜ

ಶೆಲ್ ದಾಳಿ ನಿಂತ ಮೇಲಿನ ಮೌನವನ್ನು ತಡೆದುಕೊಳ್ಳುವುದು ನನಗೆ ದಾಳಿಗಿಂತ ಕಷ್ಟವಾಗುತ್ತಿತ್ತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ನಡುಗುವ ಕೈ, ಗಂಟಲಲ್ಲೇ ಓಡಾಡುವ ಉಸಿರು. ಬಂಕರಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಗ ನನ್ನ ಕೈ ಒಳಜೇಬಿಗೆ ಹೋಗುತ್ತಿತ್ತು. ಅಲ್ಲಿ ಹತ್ತು ರಂಧ್ರಗಳ ಮೌತ್ ಆರ್ಗನ್ ಇತ್ತು.

ಹಿಮದ ಪೋಸ್ಟಿನಲ್ಲಿ ಅದನ್ನು ಒಳಜೇಬಿನಲ್ಲೇ ಇಡಬೇಕು. ಹೊರಗಿಟ್ಟರೆ ಉಸಿರಿನ ತೇವ ಒಳಗೆ ಸ್ವರ ಹೊರಡಿಸುವ ತೆಳು ಲೋಹದ ಪಟ್ಟಿಗಳ (ರೀಡುಗಳ) ಮೇಲೆ ಹೆಪ್ಪುಗಟ್ಟಿ ಸ್ವರವೇ ಏಳುವುದಿಲ್ಲ. ನುಡಿಸಿದ ಮೇಲೆ ಬೋರಲು ಹಿಡಿದು ಅಂಗೈಗೆ ತಟ್ಟಿ ತೇವ ಕೊಡವುತ್ತಿದ್ದೆ. ಸದ್ದು ಹೊರಗೆ ಹೋಗುವ ಹಾಗಿರಲಿಲ್ಲ. ಕಮಾಂಡರ್ ಸರಿ ಅಂದ ರಾತ್ರಿ ಮಾತ್ರ, ಅದೂ ಎರಡೂ ಅಂಗೈಯಲ್ಲಿ ಮುಚ್ಚಿ.

ಮೊದಮೊದಲು ಹಾಡು ನುಡಿಸಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಹೆದರಿದ ಎದೆಗೆ ಹಾಡಿನ ಲಯ ಹಿಡಿಯಲು ಆಗುವುದಿಲ್ಲ. ಆಮೇಲೆ ನಾಲ್ಕನೇ ರಂಧ್ರ ಒಂದೇ ಸಾಕು ಅನ್ನಿಸಿತು. ಊದಿದರೆ ಷಡ್ಜ, ಅಂದರೆ ‘ಸ’; ಉಸಿರು ಎಳೆದರೆ ರಿಷಭ, ಅಂದರೆ ‘ರಿ’. ಎಳೆಯುವುದಕ್ಕಿಂತ ಊದುವುದನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾ ಹೋಗುತ್ತಿದ್ದೆ. ಉಸಿರನ್ನು ನಿಧಾನ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ನಮ್ಮ ದೇಹ ಇರುವುದೇ ಹಾಗೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದವರ ಉಸಿರೂ ಅದೇ ಅಳತೆಗೆ ಬರುವುದು ಕೇಳಿಸುತ್ತಿತ್ತು. ಹಾಡು ಆಮೇಲೆ.

ವಾದ್ಯಕ್ಕಾಗಿ ಸೈನಿಕರು ಪಟ್ಟ ಪಾಡನ್ನು ಮುಂದೆ ಓದಿ ತಿಳಿದೆ. 1915ರಲ್ಲಿ ಫ್ರಾನ್ಸಿನ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ, ಸೈನಿಕ ಮೋರಿಸ್ ಮಾರೆಶಾಲ್‌ಗೆ ಜೊತೆಯ ಸೈನಿಕರು ಮದ್ದುಗುಂಡಿನ ಪೆಟ್ಟಿಗೆಯ ಮರದಿಂದ ಚೆಲ್ಲೋ ಮಾಡಿಕೊಟ್ಟಿದ್ದರು. ಫ್ರಾನ್ಸಿನ ಸಂಗೀತ ರಚನೆಕಾರ ಒಲಿವಿಯೇ ಮೆಸ್ಸಿಯಾನ್ 1941ರ ಜನವರಿ 15ರಂದು ಜರ್ಮನಿಯ ಗೋರ್ಲಿಟ್ಜ್‌ನ ಯುದ್ಧಕೈದಿಗಳ ಶಿಬಿರದಲ್ಲಿ ಹೊಸ ಕೃತಿಯೊಂದನ್ನು ನುಡಿಸಿದರು. ಜೊತೆಗಿದ್ದ ಕೈದಿಗಳೂ ತಾವೂ ಬಲ್ಲ ವಾದ್ಯಗಳಿಗೆಂದೇ ಬರೆದದ್ದು ಅದು: ಕ್ಲಾರಿನೆಟ್, ಪಿಟೀಲು, ಚೆಲ್ಲೋ, ಪಿಯಾನೋ. ಓದಿದಾಗ ನನಗೆ ನೆನಪಾದದ್ದು ನಮ್ಮ ಊಟದ ತಟ್ಟೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದ ಹುಡುಗ.

ನಮ್ಮ ರೇಡಿಯೋ ಆಪರೇಟರ್ ತಾಯಿ ಹಾಡುತ್ತಿದ್ದ ಜೋಗುಳವನ್ನು ಗುನುಗಿ ನನಗೆ ಕಲಿಸಿದ್ದ. ಗಾಂಧಾರ, ಅಂದರೆ ‘ಗ’ ಸ್ವರ, ಅವನಿಗೆ ಸದಾ ಕೊಂಚ ಇಳಿದೇ ಬೀಳುತ್ತಿತ್ತು. ತಿದ್ದಿದರೆ, 'ಅಮ್ಮ ಹೀಗೇ ಹಾಡೋದು' ಅನ್ನುತ್ತಿದ್ದ. ಒಂದು ಗಸ್ತಿನಿಂದ ಅವನು ವಾಪಸ್ ಬರಲಿಲ್ಲ.

ಎರಡು ರಾತ್ರಿ ನಾನು ವಾದ್ಯ ಮುಟ್ಟಲಿಲ್ಲ. ಮೂರನೇ ರಾತ್ರಿ ಯಾರೋ ಜೋಗುಳ ಶುರುಮಾಡಿದರು, ನಾನೂ ಸೇರಿಕೊಂಡೆ. ಆ ಇಳಿದ ಗಾಂಧಾರ ನನ್ನ ವಾದ್ಯದಲ್ಲಿಲ್ಲ. ಅಲ್ಲಿಗೆ ಬಂದಾಗ ತುಟಿ ತೆಗೆದೆ. ಉಳಿದ ನಾಲ್ವರೂ ಅವನ ಹಾಗೇ ಇಳಿಸಿ ಹಾಡಿದರು.